ಅಕ್ಕನ ಮೈಮೇಲೆ ಯಾರ ಬಣ್ಣವೂ ಇರಲಿಲ್ಲ

ನಮ್ಮೂರಿನಲ್ಲಿ ಒಬ್ಬರನ್ನು ಇನ್ನೊಬ್ಬರು ಮುಟ್ಟಿದರೆ ಬಣ್ಣ ಹತ್ತುತ್ತದೆ. ಒಬ್ಬೊಬ್ಬರ ಕೈಗೆ ಒಂದೊಂದು ಬಣ್ಣ. ಮುಟ್ಟಿದ ಕಡೆ ಒಂದು ಹಗಲು ಒಂದು ರಾತ್ರಿ ಇದ್ದು ಮರುದಿನ ತಾನಾಗಿ ಹೋಗುತ್ತದೆ. ಅದಕ್ಕೆ ಮೊದಲು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಬಟ್ಟೆಯ ಮೇಲಿಂದ ಮುಟ್ಟಿದರೂ ಒಳಗಿನ ಚರ್ಮಕ್ಕೆ ಹತ್ತುತ್ತದೆ, ರಬ್ಬರಿನ ಗ್ಲೌಸು ಹಾಕಿಕೊಂಡರೂ ಹತ್ತುತ್ತದೆ. ಪಕ್ಕದೂರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೇನು, ಹುಟ್ಟಿದಾಗಿನಿಂದ ಹೀಗೇ. ಕ್ಷೌರದಂಗಡಿಯಿಂದ ಬಂದವನ ಕಿವಿ ಎರಡೂ ನೀಲಿಯಾಗಿರುತ್ತವೆ. ಹೊಸದಾಗಿ ಮದುವೆಯಾದವರು ಬೆಳಿಗ್ಗೆ ನಲ್ಲಿಯ ಹತ್ತಿರ ಸೆರಗು ಹೊದ್ದುಕೊಂಡು ಬರುತ್ತಾರೆ. ಬಸ್ಸಿನ ನೂಕುನುಗ್ಗಲಿನಲ್ಲಿ ಹೆಂಗಸರಿಗೆ ಕೈ ತಾಗಿಸಿದವನು ಮುಂದಿನ ಸ್ಟಾಪಿನಲ್ಲೇ ಸಿಕ್ಕಿಬೀಳುತ್ತಾನೆ, ಒದೆ ತಿನ್ನುತ್ತಾನೆ.

ನನ್ನ ಹೆಸರು ಕಮಲಾಕ್ಷಿ, ರವಿಕೆ ಹೊಲಿಯುವವಳು. ನನ್ನ ಕೈ ಬದನೆಕಾಯಿಯ ನೇರಳೆ. ಟೇಪು ಹಿಡಿದು ಅಳತೆ ತೆಗೆದರೆ ಗಿರಾಕಿಗಳ ಭುಜ, ತೋಳು, ಬೆನ್ನಿನ ಮೇಲೆಲ್ಲ ನೇರಳೆ ಚುಕ್ಕಿ. ಮದುವೆ ಹಂಗಾಮಿನಲ್ಲಿ ಊರಿನ ಅರ್ಧ ಹೆಂಗಸರು ನನ್ನ ಚುಕ್ಕಿ ಹೊತ್ತುಕೊಂಡು ತಿರುಗುತ್ತಾರೆ. ಬಿಟ್ಟಿ ಜಾಹೀರಾತು, ನಾನೇಕೆ ಬೇಡ ಅನ್ನಲಿ?

ನನ್ನ ಅಕ್ಕ ಅಂಬುಜಾಕ್ಷಿ. ಎರಡು ಹೆಸರಿಗೂ ಅರ್ಥ ಒಂದೇ, ನಮ್ಮಪ್ಪನಿಗೆ ಹೆಸರು ಹುಡುಕಲೂ ಸೋಮಾರಿತನ. ಅವಳು ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ ಆಗಿದ್ದಳು. ಮದುವೆಯಾಗಲಿಲ್ಲ, ಯಾರಿಗೂ ಹೆದರಲಿಲ್ಲ. ಅವಳ ಕೈ ಪಾರಿಜಾತದ ತೊಟ್ಟಿನ ಕೇಸರಿ, ಅದು ಬೀಳುತ್ತಿದ್ದದ್ದು ಮಕ್ಕಳ ಕಿವಿಯ ಮೇಲೆ. ಸಂಜೆ ಕೇಸರಿ ಕಿವಿ ಹೊತ್ತು ಮನೆಗೆ ಬಂದ ಮಗನನ್ನು ಕಂಡರೆ ತಾಯಂದಿರು ಕಾರಣ ಕೇಳುತ್ತಿರಲಿಲ್ಲ, ಇನ್ನೊಂದು ಕಿವಿಯನ್ನು ತಾವು ಹಿಂಡುತ್ತಿದ್ದರು. ಈಗ ಊರಿನಲ್ಲಿ ದೊಡ್ಡ ಮನುಷ್ಯರು ಅನ್ನಿಸಿಕೊಂಡವರೆಲ್ಲ ಆ ಕೇಸರಿ ಹಚ್ಚಿಸಿಕೊಂಡವರೇ.

ಅಂಥವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬುದ್ಧಿ ಮಾತ್ರ ಇದ್ದ ಹಾಗೇ ಇತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ನನಗಿರುವುದು ಅಂಗಡಿ, ಅಂಗಡಿಯ ಹಿಂದೆ ಒಂದು ಕೋಣೆ. ಅಕ್ಕ ಆರೋಗ್ಯವಾಗಿದ್ದಾಗಲೇ ಹೇಳಿಟ್ಟಿದ್ದಳು, ನಿನ್ನ ಮನೆಯಲ್ಲಿ ಬಿದ್ದುಕೊಂಡರೆ ಸೂಜಿ ಚುಚ್ಚಿಯೇ ಸಾಯುತ್ತೇನೆ, ನನ್ನನ್ನು ಬೆಳ್ಮುಗಿಲಿಗೆ ಸೇರಿಸು ಅಂತ. ಅದಕ್ಕೆ ಬೇಕಾದ ಏರ್ಪಾಡನ್ನೂ ಅವಳೇ ಮಾಡಿಟ್ಟಿದ್ದಳು. ಸೇರಿಸಿದೆ.

ಬೆಳ್ಮುಗಿಲು ನಮ್ಮೂರಿನ ಹಿರಿಯರ ನಿಲಯ. ಅದಕ್ಕೆ ಅಷ್ಟು ಹೆಸರು ಬಂದದ್ದು ಹೇಗೆಂದರೆ, ಹಿಂದೆ ಬೇರೊಂದು ನಿಲಯದಲ್ಲಿ ಆಯಾ ಒಬ್ಬಳು ಅಜ್ಜನ ಕೆನ್ನೆಗೆ ಬಾರಿಸಿದ್ದಳು. ಕೆನ್ನೆಯ ಮೇಲೆ ಐದು ಬೆರಳಿನ ಕೆಂಪು ಎದ್ದು ಕಾಣುತ್ತಿತ್ತು. ಕೋರ್ಟು ಅವಳನ್ನು ಜೈಲಿಗೆ ಕಳಿಸಿತು, ಆ ನಿಲಯಕ್ಕೆ ಬೀಗ ಬಿತ್ತು. ಅಲ್ಲಿಂದ ಮುಂದೆ ವೃದ್ಧರ ಮೈಮೇಲೆ ಕೈ ಕಂಡರೆ ಕೇಸು ಎಂಬ ಹೆದರಿಕೆ ಹುಟ್ಟಿತು. ಬೆಳ್ಮುಗಿಲಿನ ಮ್ಯಾನೇಜರು ರುದ್ರಕುಮಾರ ಬಾಗಿಲಿಗೇ ಬೋರ್ಡು ಹಾಕಿಸಿದ: ನಮ್ಮ ಹಿರಿಯರ ಮೈಮೇಲೆ ಒಂದು ಕಲೆಯೂ ಇಲ್ಲ. ಊರಿಗೆ ಊರೇ ಮೆಚ್ಚಿತು. ನಾನೂ ಮೆಚ್ಚಿದೆ, ಸುಳ್ಳೇಕೆ ಹೇಳಲಿ.

ಭಾನುವಾರ ನೋಡಲು ಬಿಡುತ್ತಿದ್ದರು. ಮುಂದಿನ ಹಾಲಿನಲ್ಲಿ ನೆಲಕ್ಕೊಂದು ಗೆರೆ. ಗೆರೆಯ ಆಚೆ ಗಾಲಿಕುರ್ಚಿಯಲ್ಲಿ ಅಕ್ಕ, ಈಚೆ ಬೆಂಚಿನ ಮೇಲೆ ನಾನು. ಮುಟ್ಟುವ ಹಾಗಿಲ್ಲ, ಒಳಗೆ ಹೋಗುವ ಹಾಗಿಲ್ಲ. ಮುಟ್ಟಿದರೆ ಕಲೆ ಯಾರದೆಂದು ಯಾರು ಉತ್ತರ ಕೊಡುವುದು ಅಂತ ರುದ್ರಕುಮಾರ ನಯವಾಗಿಯೇ ಹೇಳುತ್ತಿದ್ದ. ಇಸ್ತ್ರಿ ಸೀರೆ, ಮುಖಕ್ಕೆ ಪೌಡರು, ಒಂದು ಚುಕ್ಕೆ ಬಣ್ಣವಿಲ್ಲ. ಅಕ್ಕ ಬರಬರುತ್ತ ಸಣ್ಣಗಾಗುತ್ತಿದ್ದಳು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ವಯಸ್ಸಮ್ಮಾ ಅಂದ ಅವನು, ಹೌದೇನೋ ಅಂದುಕೊಂಡೆ. ಗಾಲಿಕುರ್ಚಿ ತಿರುಗಿಸುವವರ ಚಪ್ಪಲಿ ಸದ್ದಾದರೆ ಸಾಕು, ಅವಳು ಕಣ್ಣು ಮುಚ್ಚಿ ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದಳು. ನಿದ್ದೆ ಬಂದಿರಬೇಕು ಅಂದುಕೊಂಡೆ. ನಮ್ಮೂರಿನಲ್ಲಿ ಹಿಂಸೆ ಅಂದರೆ ಮೈಮೇಲೆ ಕೈ, ಕೈ ಇಲ್ಲ ಅಂದರೆ ಸುಖ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಹೇಳುವ ಬಾಯಿ ನನ್ನದು, ಆದರೂ ಹೊಳೆಯಲಿಲ್ಲ.

ಹೊಳೆದದ್ದು ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಬಾಣಂತನ ಮುಗಿಸಿ ರವಿಕೆ ಸಡಿಲ ಮಾಡಿಸಿಕೊಳ್ಳಲು ಬಂದಳು. ಕೂಸನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದಳು. ಅದರ ಮೈಯಲ್ಲಿ ಬೆರಳಿಡಲು ಜಾಗವಿರಲಿಲ್ಲ. ಬೆನ್ನಿಗೆ ಅಜ್ಜಿಯ ಅರಿಶಿನ, ಕಂಕುಳಲ್ಲಿ ಅಪ್ಪನ ಗುಲಾಬಿ, ಕೆನ್ನೆಗೆ ನೆರೆಮನೆಯವರದೆಲ್ಲ, ತೊಡೆಯ ಸಂದಿಯಲ್ಲಿ ತಾಯಿಯ ತಿಳಿಹಸಿರು. ಇವನ ಸ್ವಂತ ಬಣ್ಣ ಯಾವುದು ಅಂತ ನಾನೇ ಮರೆತಿದ್ದೀನಿ ಆಂಟಿ, ಅಂದು ಅವಳು ನಕ್ಕಳು. ನಾನೂ ನಗಲು ಹೋದೆ, ನಗು ಅರ್ಧಕ್ಕೇ ನಿಂತಿತು. ತನ್ನ ಕೈಯಿಂದ ತಾನು ಏನೂ ಮಾಡಿಕೊಳ್ಳಲಾಗದ ಜೀವ ಹೀಗಿರಬೇಕು. ಎತ್ತಬೇಕು, ತೊಳೆಯಬೇಕು, ಉಣಿಸಬೇಕು, ಮಗ್ಗುಲು ಬದಲಿಸಬೇಕು. ಹಾಗಾದರೆ ನನ್ನ ಅಕ್ಕನನ್ನು ಎತ್ತುವವರು ಯಾರು? ತೊಳೆಯುವವರು ಯಾರು?

ಭಾನುವಾರದವರೆಗೆ ಯಾರು ಕಾಯುತ್ತಾರೆ? ಅಂಗಡಿಯನ್ನು ಆ ಹುಡುಗಿಯ ಸುಪರ್ದಿಗೆ ಬಿಟ್ಟು ನಡೆದೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದಿದ್ದೀರಿ ಅಂತ ಬಾಗಿಲಲ್ಲಿ ತಡೆದರು. ಇದ್ದಲ್ಲೇ ಕೂತು ಬೀದಿಗೆಲ್ಲ ಕೇಳುವ ಹಾಗೆ ಅಕ್ಕನ ಹೆಸರು ಹಿಡಿದು ಕೂಗತೊಡಗಿದೆ. ರಂಪ ಬೇಡವೆಂದು ಅವಳನ್ನು ಹಾಲಿಗೆ ತಂದರು. ನಾನು ಗೆರೆ ದಾಟಿ ಹೋಗಿ ಅವಳ ಗಲ್ಲ ಹಿಡಿದೆ. ನನ್ನ ನೇರಳೆ ಅವಳ ಗಲ್ಲಕ್ಕೆ ಹತ್ತಿತು. ಅಕ್ಕ ಆ ಬೆರಳುಗಳಿಗೆ ಕೆನ್ನೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಬೆನ್ನಿಗೆ ಕೈ ಹಾಕಿದೆ. ನಾನೇ ಹೊಲಿದ ರವಿಕೆಯನ್ನು ಹಿಂದೆ ಉದ್ದಕ್ಕೆ ಕತ್ತರಿಸಿದ್ದರು, ಹೆಣಕ್ಕೆ ತೊಡಿಸುವಾಗ ಕತ್ತರಿಸುವ ಹಾಗೆ. ಅದರ ಕೆಳಗೆ, ಸೊಂಟದ ಹತ್ತಿರ, ಅಂಗೈ ಅಗಲದ ಹುಣ್ಣು ಕೊಳೆತು ನಾರುತ್ತಿತ್ತು. ಪಕ್ಕೆಯ ಮೇಲೆ ದುಂಡುದುಂಡಾಗಿ ಕಪ್ಪುಗಟ್ಟಿದ ಗುರುತುಗಳು. ಬಣ್ಣ ಮಾತ್ರ ಯಾರದೂ ಇಲ್ಲ. ಏನಿದು ಅಂತ ಕೇಳಿದೆ. ರುದ್ರಕುಮಾರ ಸಮಾಧಾನವಾಗಿಯೇ ಹೇಳಿದ, "ಯಾರ ಕೈಯಾದರೂ ಕಾಣ್ತಿದೆಯೇನಮ್ಮಾ? ವಯಸ್ಸಾದ ಮೈ, ತಾನಾಗೇ ಹಾಗಾಗತ್ತೆ." ಅವನದೇ ಗಾಲಿಕುರ್ಚಿಯಲ್ಲಿ ಅಕ್ಕನನ್ನು ತಳ್ಳಿಕೊಂಡು ಬೀದಿಗಿಳಿದೆ. ಕುರ್ಚಿ ಕಳವಿನ ಕಂಪ್ಲೇಂಟು ಕೊಡುತ್ತೇನೆ ಅಂತ ಹಿಂದಿನಿಂದ ಕೂಗಿದ. ಕೊಡು ಮಾರಾಯ ಅಂದೆ.

ಸೀದಾ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಹುಣ್ಣು ತೊಳೆದರು, ಫೋಟೋ ತೆಗೆಸಿದರು. ಮಗ್ಗುಲು ಬದಲಿಸದೆ ಒಂದೇ ಕಡೆ ಮಲಗಿಸಿದರೆ ಬರುವ ಹುಣ್ಣು ಇದು, ಮೈಯಲ್ಲಿ ನೀರಿಲ್ಲ, ಹೊಟ್ಟೆಗೆ ಸರಿಯಾಗಿ ಬಿದ್ದಿಲ್ಲ ಅಂದರು. ಆ ದುಂಡು ಗುರುತು? ಏತರಿಂದಲೋ ತಿವಿದದ್ದು. ಯಾರು ಅಂತ ಬರೆಯಲಿಕ್ಕೆ ಕೈ ಇಲ್ಲವಲ್ಲ ಅಂತ ಅವರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆದರೂ ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟರು, ಪುಣ್ಯಾತ್ಗಿತ್ತಿ.

ವಕೀಲ ಅಬ್ದುಲ್ ಗನಿ ಅಕ್ಕನ ಶಿಷ್ಯ. ಕಿವಿ ಹಿಂಡಿಸಿಕೊಂಡವರಲ್ಲಿ ಮೊದಲನೆಯ ಸಾಲಿನವರು. ಅಂಗಡಿಯ ಹಿಂದಿನ ಕೋಣೆಗೆ ಬಂದು ಅಕ್ಕನನ್ನು ನೋಡಿ, ಮೇಡಂ ಅಂದರು. ಆಮೇಲೆ ಹೊರಗೆ ಬಂದು ಕಾನೂನು ಹೇಳಿದರು. ನಮ್ಮ ಕೋರ್ಟಿನಲ್ಲಿ ಕೈ ತೋರಿಸಿದರೆ ಕೇಸು, ಕೈ ಇಲ್ಲದಿದ್ದರೆ ಕೇಸಿಲ್ಲ. ರುದ್ರಕುಮಾರ ಇದನ್ನು ಅರೆದು ಕುಡಿದಿದ್ದಾನೆ. ಹಾಗಾದರೆ ಅವನು ಗೆದ್ದ ಹಾಗೇನಾ ಅಂತ ನಾನು ರೇಗಿದೆ. ಗನಿಯವರು ತಮ್ಮ ಕಿವಿ ಸವರಿಕೊಂಡರು, ಯೋಚನೆ ಬಂದಾಗ ಅವರಿಗದು ಅಭ್ಯಾಸ.

"ಹೊಡೆದ ಕೈಯನ್ನ ಹುಡುಕೋದು ಬೇಡ ಅಕ್ಕಾ. ನೋಡ್ಕೋತೀವಿ ಅಂತ ಕರಾರು ಮಾಡ್ಕೊಂಡಿದ್ದಾರಲ್ಲ, ನೋಡ್ಕೊಂಡ ಕೈ ಎಲ್ಲಿ ಅಂತ ಕೇಳೋಣ. ಅದನ್ನ ಅವರೇ ತೋರಿಸ್ಲಿ."

ನಷ್ಟಪರಿಹಾರಕ್ಕೆ ದಾವೆ ಹಾಕಿದೆವು. ಅಕ್ಕನ ಒಪ್ಪಿಗೆ ಇಲ್ಲದೆ ಅಲ್ಲ. ಗನಿಯವರು ಎಲ್ಲವನ್ನೂ ಓದಿ ಹೇಳಿದರು, ಅವಳು ಎಡಗೈ ಹೆಬ್ಬೆಟ್ಟು ಒತ್ತಿದಳು. ಗೆದ್ದರೆ ಬೆಳ್ಮುಗಿಲಿನಲ್ಲಿ ಉಳಿದವರೂ ಬದುಕುತ್ತಾರೆ. ಸೋತರೆ ಅಕ್ಕನ ಮೈಮೇಲಿನ ಆ ಹುಣ್ಣು ಬರೀ ವಯಸ್ಸು ಅಂತ ಕೋರ್ಟೇ ಮುದ್ರೆ ಒತ್ತಿದ ಹಾಗೆ. ಕುರ್ಚಿ ಕಳವಿನ ಕೇಸು ಬೇರೆ ತಲೆಯ ಮೇಲೆ. ಊರಿನವರು ಬಂದು ಬುದ್ಧಿ ಹೇಳಿದರು. ಒಳ್ಳೆಯ ಸಂಸ್ಥೆಯ ಹೆಸರು ಕೆಡಿಸಬೇಡ, ನಮ್ಮ ಅತ್ತೆಯೂ ಅಲ್ಲೇ ಇದ್ದಾರೆ, ಮೈಮೇಲೆ ಒಂದು ಕಲೆ ಇಲ್ಲ ಅಂದರು. ಅದನ್ನೇ ನಾನೂ ಹೇಳುತ್ತಿರುವುದು ಅಂದರೆ ಅವರಿಗೆ ಅರ್ಥವಾಗಲಿಲ್ಲ.

ಈ ಊರಿನ ನ್ಯಾಯಾಧೀಶರದು ಒಂದು ವ್ರತವಿದೆ. ಪೀಠದಲ್ಲಿ ಕೂರುವ ದಿನ ಅವರ ಮೈಮೇಲೆ ಯಾರ ಬಣ್ಣವೂ ಇರಬಾರದು. ಇದ್ದರೆ ಪಕ್ಷಪಾತದ ಅನುಮಾನ, ಅಂದಿನ ಕೇಸು ಮುಂದಕ್ಕೆ. ಹೆಂಡತಿ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು, ಮಗಳು ದೂರದಿಂದ ಟಾಟಾ ಮಾಡಬೇಕು. ನಮ್ಮ ಕೇಸಿಗೆ ಕೂತ ನ್ಯಾಯಾಧೀಶರು ರಜೆಯಲ್ಲೂ ಕೈ ಕುಲುಕದ ಮನುಷ್ಯ ಅಂತ ಪ್ರಸಿದ್ಧಿ. ಉದ್ದನೆಯ ಬಿಳುಪು ಕೈಗಳನ್ನು ಮುಂದೆ ಜೋಡಿಸಿಕೊಂಡು ಕೂತಿದ್ದರು.

ವಿಚಾರಣೆಗೆ ಅಕ್ಕನನ್ನು ಕರೆದುಕೊಂಡು ಹೋದೆ. ಆ ಹೊತ್ತಿಗೆ ಹುಣ್ಣು ಮಾಗುತ್ತ ಬಂದಿತ್ತು. ನನ್ನ ನೇರಳೆ, ಡ್ರೆಸ್ಸಿಂಗ್ ಮಾಡುವ ನರ್ಸಿನ ಕಂದು, ತಲೆ ಬಾಚಿದ ನೆರೆಯವಳ ಹಳದಿ, ಎಲ್ಲ ಅವಳ ಮೈಮೇಲಿತ್ತು. ಎದುರು ವಕೀಲರು ಎದ್ದು ಅವಳ ಕಡೆ ಬೆರಳು ತೋರಿಸಿದರು. ನೋಡಿ ಸ್ವಾಮಿ, ನಮ್ಮಲ್ಲಿದ್ದಾಗ ಮಲ್ಲಿಗೆ ಹೂವಿನ ಹಾಗಿದ್ದರು, ತಂಗಿಯ ಕೈಗೆ ಸಿಕ್ಕಿ ಏನು ಗತಿಯಾಗಿದೆ ನೋಡಿ ಅಂದರು. ಹಿಂದೆ ಕೂತ ಜನ ಪಾಪ ಪಾಪ ಅಂತ ಲೊಚಗುಟ್ಟಿತು. ನನಗೆ ಎದ್ದು ಎಲ್ಲರ ಬಾಯಿಗೂ ಒಂದೊಂದು ಹೊಲಿಗೆ ಹಾಕಿಬಿಡೋಣ ಅನ್ನಿಸಿತು.

ಗನಿಯವರು ರುದ್ರಕುಮಾರನನ್ನು ಕಟಕಟೆಗೆ ಕರೆದರು. ದನಿ ಏರಿಸಲಿಲ್ಲ. ಇವರಿಗೆ ಸ್ನಾನ ಮಾಡಿಸುತ್ತಿದ್ದಿರಾ ಅಂತ ಕೇಳಿದರು. ದಿನಾ ಅಂದ. ಊಟ ಮಾಡಿಸುತ್ತಿದ್ದಿರಾ? ಹೊತ್ತು ಹೊತ್ತಿಗೆ. ಮಗ್ಗುಲು ಬದಲಿಸುತ್ತಿದ್ದಿರಾ? ತಪ್ಪದೆ. ಮೈಮೇಲೆ ಕಲೆ? ಒಂದು ದಿನವೂ ಇಲ್ಲ, ಬೇಕಾದರೆ ಊರನ್ನೇ ಕೇಳಿ ಅಂತ ಎದೆ ಉಬ್ಬಿಸಿದ.

"ಮುಟ್ಟದೆ ಹೇಗ್ರೀ ಸ್ನಾನ ಮಾಡಿಸಿದ್ರಿ?"

ಲೊಚಗುಟ್ಟಿದ ಬಾಯಿಗಳೆಲ್ಲ ತೆರೆದುಕೊಂಡಿದ್ದವು. ಅದಕ್ಕೆಲ್ಲ ನಮ್ಮಲ್ಲಿ ಬೇರೆ ವ್ಯವಸ್ಥೆ ಇದೆ ಅಂತ ರುದ್ರಕುಮಾರ ತೊದಲಿದ. ಆ ವ್ಯವಸ್ಥೆಯನ್ನು ನೋಡಬೇಕು, ಈಗಲೇ, ಯಾರಾದರೂ ಮುಂಚೆ ಹೋಗಿ ಅಲ್ಲಿನ ಹಿರಿಯರ ಮೈಗೆ ಕೈ ಸವರಿ ಬರುವ ಮೊದಲು, ಅಂತ ಗನಿಯವರು ಕೇಳಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ರುದ್ರಕುಮಾರನ ಕೈ ಜೇಬಿನ ಫೋನಿಗೆ ಹೋಯಿತು. ನ್ಯಾಯಾಧೀಶರು ಅದನ್ನು ನೋಡಿದರು. ಫೋನು ಇಲ್ಲೇ ಇಟ್ಟು ನನ್ನ ಮುಂದೆ ನಡೆಯಿರಿ ಅಂತ ಎದ್ದೇಬಿಟ್ಟರು.

ಬೆಳ್ಮುಗಿಲಿನ ಒಳಗಿನ ಹಾಲನ್ನು ಊರಿನವರು ಕಂಡದ್ದು ಅದೇ ಮೊದಲು. ಗೋಡೆಗೆ ಸಾಲಾಗಿ ಉದ್ದನೆಯ ಕೋಲುಗಳನ್ನು ಒರಗಿಸಿದ್ದರು. ಕೆಲವಕ್ಕೆ ತುದಿಯಲ್ಲಿ ಚಿಂದಿ ಸುತ್ತಿತ್ತು, ಕೆಲವಕ್ಕೆ ಸೌಟು ಕಟ್ಟಿತ್ತು. ಮೇಲೆ ತೊಲೆಗೆ ರಾಟೆ, ಹಗ್ಗ, ಕೆಳಗೆ ನೀರಿನ ಪೈಪು. ಮರ, ಹಗ್ಗ ದಾಟಿ ಬಣ್ಣ ಹತ್ತುವುದಿಲ್ಲ, ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಕೋಲಿನಲ್ಲಿ ತಿವಿದು ಹೊರಳಿಸುವುದು, ಕತ್ತರಿಸಿದ ಬಟ್ಟೆ ಹೊದಿಸುವುದು, ಹಗ್ಗದಲ್ಲಿ ಎತ್ತಿ ಕುರ್ಚಿಗಿಳಿಸುವುದು, ಪೈಪಿನಲ್ಲಿ ನೀರು ಬಿಡುವುದು, ಸೌಟಿನಲ್ಲಿ ಗಂಜಿ ಬಾಯಿಯ ಹತ್ತಿರ ಹಿಡಿಯುವುದು. ಬಾಯಿಗೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಮುಟ್ಟಿದರೆ ಕೆಲಸ ಹೋಗುತ್ತೆ ಅಂತ ಹೇಳಿದ್ದರು ಸಾರ್ ಅಂತ ಆಯಾ ಒಬ್ಬಳು ಅಳಲು ಶುರುಮಾಡಿದಳು. ಮಂಚಗಳ ಮೇಲೆ ನಮ್ಮೂರಿನ ಹಿರಿಯರು ತೊಳೆದ ತಟ್ಟೆಗಳ ಹಾಗೆ ಬೆಳ್ಳಗೆ ಮಲಗಿದ್ದರು. ಅವರಲ್ಲಿ ನನಗೆ ಬುದ್ಧಿ ಹೇಳಲು ಬಂದಿದ್ದವಳ ಅತ್ತೆಯೂ ಇದ್ದರು.

ನ್ಯಾಯಾಧೀಶರು ಕೈ ಹಿಂದೆ ಕಟ್ಟಿಕೊಂಡು ಮಂಚಗಳ ನಡುವೆ ನಡೆದರು. ಕೊನೆಯ ಮಂಚದಲ್ಲಿ ಸೋಡಾ ಅಂಗಡಿಯ ಮರಿಗೌಡರಿದ್ದರು. ಒಂದು ಕಾಲಕ್ಕೆ ಸೋಡಾ ಕೊಟ್ಟು ಊರಿನವರ ಅಂಗೈಗೆಲ್ಲ ಗಿಳಿಹಸಿರು ಅಂಟಿಸಿದ ಮನುಷ್ಯ. ನ್ಯಾಯಾಧೀಶರು ಅವರ ಮುಖ ನೋಡಲು ಬಗ್ಗಿದರು. ಮರಿಗೌಡರ ಕೈ ಹೊದಿಕೆಯಿಂದ ಹೊರಬಂದು ಆ ಬಿಳುಪು ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹಿಡಿದದ್ದು ಬಿಡಲಿಲ್ಲ. ಜವಾನ ಬಿಡಿಸಲು ಹೋದ, ನ್ಯಾಯಾಧೀಶರು ಬೇಡವೆಂದು ತಲೆ ಅಲ್ಲಾಡಿಸಿ ಮಂಚದ ಅಂಚಿನಲ್ಲಿ ಕೂತರು. ಮರಿಗೌಡರಿಗೆ ನಿದ್ದೆ ಹತ್ತಿ ಕೈ ಸಡಿಲವಾಗುವವರೆಗೆ ಕೂತೇ ಇದ್ದರು.

ಮಧ್ಯಾಹ್ನ ಕೋರ್ಟು ಮತ್ತೆ ಸೇರಿತು. ನ್ಯಾಯಾಧೀಶರ ಬಲ ಮುಂಗೈಯಲ್ಲಿ ಐದು ಬೆರಳಿನ ಗಿಳಿಹಸಿರು ಥಳಥಳ ಹೊಳೆಯುತ್ತಿತ್ತು. ಎದುರು ವಕೀಲರು ಇದಕ್ಕೇ ಕಾದಿದ್ದವರ ಹಾಗೆ ಎದ್ದರು. ಸ್ವಾಮಿಗಳ ಮೈಮೇಲೆ ಬಣ್ಣವಿದೆ, ನಿಯಮದ ಪ್ರಕಾರ ಇವತ್ತು ಆದೇಶ ಮಾಡುವ ಹಾಗಿಲ್ಲ, ಮುಂದಕ್ಕೆ ಹಾಕಬೇಕು ಅಂದರು. ಮುಂದಕ್ಕೆ ಹಾಕಿದರೆ ಬೆಳಗಾಗುವುದರೊಳಗೆ ಬೆಳ್ಮುಗಿಲಿನ ಹಿರಿಯರ ಮೈಗೆಲ್ಲ ಓಕುಳಿ ಎರಚಿಬಿಡುತ್ತಾರೆ. ಅಕ್ಕನ ಎಡಗೈ ನನ್ನ ಮೊಣಕಾಲಿನ ಮೇಲಿತ್ತು, ಅದು ಬಿಗಿಯಾಯಿತು.

ನ್ಯಾಯಾಧೀಶರು ಆ ಕೈಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು.

"ಬಣ್ಣ ಇರೋದು ನಿಜ. ಇದನ್ನ ಪಕ್ಷಪಾತದ ಗುರುತು ಅಂತ ನೀವು ಹೇಳ್ತಿದ್ದೀರಿ. ನಾನು ಅರ್ಜಿ ಅಂತ ತಗೊಂಡಿದ್ದೀನಿ. ಆ ಮನುಷ್ಯರ ಹತ್ರ ಬೇರೆ ಕಾಗದ ಇರಲಿಲ್ಲ. ಕೂತ್ಕೊಳ್ಳಿ."

ಅವತ್ತೇ ಆದೇಶವಾಯಿತು. ಸಂಜೆಯೊಳಗೆ ಹಿರಿಯರೆಲ್ಲ ಆಸ್ಪತ್ರೆಗೆ, ಕೋಲುಗಳೆಲ್ಲ ಕೋರ್ಟಿನ ವಶಕ್ಕೆ, ರುದ್ರಕುಮಾರ ಪೊಲೀಸರ ವಶಕ್ಕೆ. ಪೂರ್ತಿ ತೀರ್ಪು ಆಮೇಲೆ ಬಂತು. ಹೊಡೆದ ಕೈಗಷ್ಟೇ ಅಲ್ಲ, ಹಿಡಿಯಬೇಕಾದಾಗ ಹಿಡಿಯದ ಕೈಗೂ ಹೊಣೆಯುಂಟು ಅಂತ ಅದರಲ್ಲಿ ಬರೆದಿದ್ದಾರೆ. ಅಕ್ಕನಿಗೆ ಪರಿಹಾರ ಸಿಕ್ಕಿತು, ಉಳಿದವರೂ ಒಬ್ಬೊಬ್ಬರಾಗಿ ಗನಿಯವರ ಕೈಯಲ್ಲಿ ದಾವೆ ಹಾಕಿಸಿ ಗೆದ್ದರು. ಕುರ್ಚಿಯ ಕೇಸನ್ನು ನ್ಯಾಯಾಧೀಶರು ಎತ್ತಿ ಆಚೆಗಿಟ್ಟರು. ಈಗ ಬೆಳ್ಮುಗಿಲನ್ನು ಬೇರೆಯವರು ನಡೆಸುತ್ತಾರೆ. ಬೋರ್ಡು ಕಿತ್ತುಹಾಕಿ ಗೆರೆ ಅಳಿಸಿದ್ದಾರೆ. ಭಾನುವಾರ ಹೋದ ಮಕ್ಕಳು ಮೊದಲು ಅಪ್ಪ ಅಮ್ಮನ ತೋಳೆತ್ತಿ, ಬೆನ್ನು ತಿರುಗಿಸಿ ಬಣ್ಣ ನೋಡುತ್ತಾರೆ. ಹಸಿಹಸಿ ಬಣ್ಣ ಕಂಡರೆ ಮಾತ್ರ ಕೂತು ಮಾತಾಡುತ್ತಾರೆ. ಮರಿಗೌಡರು ಊರಿನ ಹುಡುಗರನ್ನೆಲ್ಲ ಹತ್ತಿರ ಕರೆದು ಹಸಿರು ಮಾಡಿ ಕಳಿಸುತ್ತಾರಂತೆ.

ಅಕ್ಕ ಮಾತ್ರ ಅಲ್ಲಿಗೆ ಹೋಗಲಿಲ್ಲ, ನಾನು ಕಳಿಸಲಿಲ್ಲ. ಪರಿಹಾರದಲ್ಲಿ ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿದು ಅವಳ ಮಂಚವನ್ನು ಬೀದಿ ಕಾಣುವ ಹಾಗೆ ಹಾಕಿದ್ದೇನೆ. ಅಳತೆ ಕೊಡಲು ಬಂದವರು ತಮ್ಮ ಸರದಿ ಬರುವವರೆಗೆ ಅವಳ ತಲೆ ಬಾಚುತ್ತಾರೆ, ಕಾಲು ಒತ್ತುತ್ತಾರೆ, ತುತ್ತು ಕೊಡುತ್ತಾರೆ. ಸಂಜೆಗೆ ನೋಡಬೇಕು ಅವಳನ್ನು, ಆ ಕೂಸಿಗಿಂತ ಒಂದು ಕೈ ಮೇಲು. ಬಲಗೈಯನ್ನು ದಿನಾ ಎಣ್ಣೆ ಹಚ್ಚಿ ನೀವಿದೆ. ಬೆರಳು ಅಲ್ಲಾಡಿದವು, ಅಷ್ಟೇ. ಅದರ ಬಣ್ಣ ಇನ್ನು ಕಾಣುವುದಿಲ್ಲವೇನೋ ಅಂತ ಒಳಗೊಳಗೇ ಅಂದುಕೊಂಡಿದ್ದೆ.

ಮೊನ್ನೆ ಅಂಗಡಿಯ ತುಂಬ ಹೆಂಗಸರು. ಪರವೂರಿನ ಬೀಗಿತ್ತಿಯೊಬ್ಬರು ಕೇಸಿನ ಕಥೆ ಕೇಳಿದರು. ನನ್ನ ಬಾಯಿ ಕೇಳಬೇಕೇ? ಅಕ್ಕನ ಮಂಚದ ಅಂಚಿನಲ್ಲಿ ಕೂತು ಶುರುಮಾಡಿದೆ. ಗನಿ ವಕೀಲರಿಗೆ ಆ ಪ್ರಶ್ನೆ ಹೇಳಿಕೊಟ್ಟವಳೇ ನಾನು ಅಂದೆ. ನ್ಯಾಯಾಧೀಶರಿಗೆ ಎದ್ದು ನಿಂತು ಜೋರು ಮಾಡಿದೆ, ಅದಕ್ಕೇ ಅವರು ಬೆಳ್ಮುಗಿಲಿಗೆ ಹೊರಟದ್ದು ಅಂದೆ. ಹಿಂದಿನಿಂದ ಏನೋ ಸರಿದ ಹಾಗಾಯಿತು. ತಿರುಗುವಷ್ಟರಲ್ಲಿ ನನ್ನ ಕಿವಿಗೆ ಎರಡು ಬೆರಳು ಬಿದ್ದವು, ಹಿಂಡಿದವು, ಅರ್ಧ ಸುತ್ತು ತಿರುಚಿಯೇಬಿಟ್ಟವು. ಅಯ್ಯೋ ಅಂದೆ. ಅದು ಬಲಗೈ. ಹೆಂಗಸರೆಲ್ಲ ಹೋ ಎಂದು ನಕ್ಕರು. ನಾನು ಅಲ್ಲೇ ಕೂತು ಅತ್ತೆ.

ಈ ವಯಸ್ಸಿನಲ್ಲಿ ಕೇಸರಿ ಕಿವಿ ಹೊತ್ತುಕೊಂಡು ಸಂಜೆ ಸಂತೆಗೆ ಹೋದೆ. ಸೆರಗು ಹೊದೆಯಲಿಲ್ಲ. ಕೂದಲನ್ನೂ ಹಿಂದಕ್ಕೆ ಎಳೆದು ಗಂಟು ಹಾಕಿದ್ದೆ, ಚೆನ್ನಾಗಿ ಕಾಣಲಿ ಅಂತ. ಸೊಪ್ಪಿನವಳ ಹತ್ತಿರ ಗನಿ ವಕೀಲರು ಸಿಕ್ಕರು. ನನ್ನ ಕಿವಿ ನೋಡಿ ಅವರ ಕೈ ತಂತಾನೇ ತಮ್ಮ ಕಿವಿಗೆ ಹೋಯಿತು. ಮೇಡಂ ಕೈಯಾ ಅಂತ ಕೇಳಿದರು. ಹೂಂ, ಬಲಗೈ ಅಂದೆ. ಕೊತ್ತಂಬರಿ ಕಟ್ಟನ್ನು ಅಲ್ಲೇ ಬಿಟ್ಟು ಅಂಗಡಿಯ ಕಡೆ ಓಡಿದರು.